ಹಣೆ ಮುಟ್ಟದೆ ಮುಚ್ಚಳ ತೆಗೆಯದ ತಾಯವ್ವ

ತಾಯವ್ವ ಬಸ್ಸು ಹತ್ತುವ ಮೊದಲು ಅವಳ ವಾಸನೆ ಹತ್ತುತ್ತಿತ್ತು. ತೆರಕಣಾಂಬಿ ಸ್ಟಾಪಿನಲ್ಲಿ ಬಾಗಿಲು ತೆರೆದದ್ದೇ ತಡ, ಹುರಿದ ಜೀರಿಗೆ, ಓಮ, ಒಣಶುಂಠಿ, ಏಲಕ್ಕಿ ಎಲ್ಲ ಬೆರೆತ ಘಮವೊಂದು ಒಳಗೆ ನುಗ್ಗಿ, ಡೀಸೆಲ್ ವಾಸನೆಯನ್ನೂ ಹಿಂದಿನ ಸೀಟಿನ ಕೊತ್ತಂಬರಿ ಮೂಟೆಯನ್ನೂ ಪಕ್ಕಕ್ಕೆ ಸರಿಸಿ ಜಾಗ ಹಿಡಿದುಬಿಡುತ್ತಿತ್ತು. ಆಮೇಲೆ ಒಂದು ಬಟ್ಟೆಚೀಲ ಬರುತ್ತಿತ್ತು. ಚೀಲದ ಹಿಂದೆ, ಅದಕ್ಕಿಂತ ತುಸುವೇ ಎತ್ತರದ ತಾಯವ್ವ. ಡ್ರೈವರ್ ಹಿಂದಿನ ಮೊದಲ ಸೀಟು ಅವಳದು. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಏಳಿ ಅನ್ನುತ್ತಿರಲಿಲ್ಲ. ಎದುರಿಗೆ ನಿಂತು ಸುಮ್ಮನೆ ಅವರ ಮುಖ ನೋಡುತ್ತಿದ್ದಳು. ಮುಂದಿನ ಸ್ಟಾಪು ಬರುವುದರೊಳಗೆ ಅವರು ಎದ್ದಿರುತ್ತಿದ್ದರು.

ನಾನು ಗುಂಡ್ಲುಪೇಟೆ–ಚಾಮರಾಜನಗರ ಬಸ್ಸಿನ ಕಂಡಕ್ಟರ್. ಹೆಸರು ಶೋಭಾ. ಆದರೆ ಆ ರೂಟಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವನು ನಮ್ಮ ಡ್ರೈವರ್ ಸಿದ್ದರಾಜಣ್ಣ ಒಬ್ಬನೇ. ಉಳಿದವರಿಗೆ ನಾನು ಮೇಡಂ. ಚಿಲ್ಲರೆ ಕೇಳಿದ ದಿನ ಮಾತ್ರ ಬಾಯಿಬಡುಕಿ. ಅನ್ನಲಿ ಬಿಡಿ. ದಿನವಿಡೀ ಇಷ್ಟು ಜನರ ಜೊತೆ ಏಗುವವಳು ಬಾಯಿ ಮುಚ್ಚಿಕೊಂಡಿದ್ದರೆ ಬಸ್ಸು ಗುಂಡ್ಲುಪೇಟೆಯನ್ನೂ ಬಿಡುವುದಿಲ್ಲ. ತಾಯವ್ವನಿಗೆ ಮಾತ್ರ ನಾನು 'ಕಂಡಕ್ಟ್ರಮ್ಮಿ'. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೂ ಅವಳು ಟಿಕೆಟ್ಟನ್ನು ಕೇಳಿ ಇಸಕೊಂಡು, ಮಡಚಿ, ಸೊಂಟದ ಎಲೆಅಡಿಕೆ ಚೀಲಕ್ಕೆ ಸೇರಿಸುತ್ತಿದ್ದಳು. ಯಾಕವ್ವ ಅದು ಅಂದರೆ, ಪುಕ್ಕಟೆ ಬಂದದ್ದಕ್ಕೂ ಒಂದು ಗುರುತು ಬೇಡವೇ ಎಂದು ನನ್ನನ್ನೇ ಕೇಳುತ್ತಿದ್ದಳು.

ಪೂರ್ತಿ ಹೆಸರು ಚಿಕ್ಕತಾಯಮ್ಮ. ತೆರಕಣಾಂಬಿಯಲ್ಲಿ ಮಗ, ಸೊಸೆ ರತ್ನ, ಒಂದಿಷ್ಟು ಅರಿಶಿನದ ಹೊಲ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಳು ಮಾಡುತ್ತಿದ್ದ ಪುಡಿಗೆ ಸುತ್ತಮುತ್ತ 'ಒಟ್ಟೆಪುಡಿ' ಎಂದೇ ಹೆಸರು. ಅಜೀರ್ಣಕ್ಕೆ, ಹೊಟ್ಟೆ ಉಬ್ಬರಕ್ಕೆ, ಬೀಗರ ಊಟದ ಮಾರನೆಯ ದಿನಕ್ಕೆ ಅದನ್ನು ಬಿಟ್ಟರೆ ಬೇರೆ ಮದ್ದಿಲ್ಲ ಎಂದು ಹಂಗಳದ ಕಡೆಯಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಅದಕ್ಕೆ ಬೇಕಾದ ಹಿಪ್ಪಲಿ, ಇಂಗು, ಲವಂಗಕ್ಕೆ ಚಾಮರಾಜನಗರದ ಒಂದು ಗ್ರಂಧಿಗೆ ಅಂಗಡಿಗೆ ಹೋಗಿಬರುತ್ತಿದ್ದಳು. ಅಲ್ಲಿಯೇ ಒಂದಿಷ್ಟು ಪುಡಿ ಮಾರಾಟಕ್ಕೂ ಇಡುತ್ತಿದ್ದಳು. ಕರಿಮೆಣಸು ಮಾತ್ರ ಗುಂಡ್ಲುಪೇಟೆಗೆ ತರಕಾರಿ ತುಂಬಲು ಬರುವ ವಯನಾಡಿನ ಲಾರಿಯವನ ಹತ್ತಿರವೇ ಆಗಬೇಕು. ಅವನ ಜೊತೆ 'ನಲ್ಲಮುಳಗು' ಅಂದುಕೊಂಡು ಅರ್ಧ ಮಲಯಾಳ, ಅರ್ಧ ಜಗಳದಲ್ಲಿ ವ್ಯಾಪಾರ ಮುಗಿಸುತ್ತಿದ್ದಳು.

ನನಗೂ ಅವಳಿಗೂ ಗಂಟು ಬಿದ್ದದ್ದು ನನ್ನ ಹೊಟ್ಟೆಯ ದೆಸೆಯಿಂದ. ಈ ಕೆಲಸದಲ್ಲಿ ಹಸಿವಾದಾಗ ಊಟ ಸಿಗುವುದಿಲ್ಲ, ಊಟ ಸಿಕ್ಕಾಗ ಹಸಿವಿರುವುದಿಲ್ಲ. ಒಂದು ದಿನ ಎದೆಯುರಿ ತಾಳಲಾರದೆ ಅವಳ ಪಕ್ಕದಲ್ಲೇ ಹೊಟ್ಟೆ ಹಿಡಿದು ಕೂತೆ. ಏನು ಅಂದಳು, ಗ್ಯಾಸ್ಟ್ರಿಕ್ ಅಂದೆ. ತಕ್ಷಣ ಅವಳು ಚೀಲದಿಂದ ಒಂದು ಹಿತ್ತಾಳೆ ಡಬ್ಬಿ ತೆಗೆದು, ಮುಚ್ಚಳದ ಮೇಲೆ ಹೆಬ್ಬೆರಳು ಒತ್ತಿಕೊಂಡು, ಇನ್ನೊಂದು ಕೈಯ ಹಿಂಬದಿಯನ್ನು ನನ್ನ ಹಣೆಗೆ ಇಟ್ಟಳು. ನಾನು ಸಿಡುಕಿ ನನಗೇನು ಜ್ವರ ಇಲ್ಲ ಅಂದೆ.

"ಜ್ವರ ನೋಡ್ತಿಲ್ಲ ಕಣಮ್ಮಿ, ಬೆವ್ರು ನೋಡ್ತಾವ್ನಿ. ಸುಮ್ಕಿರು."

ಆಮೇಲೆ ಶುರುವಾಯಿತು ವಿಚಾರಣೆ. ಎಡಗೈ ಎಳೆಯುತ್ತದೆಯೇ, ದವಡೆ ನೋಯುತ್ತದೆಯೇ, ಬೆನ್ನಿನಿಂದ ಎದೆಗೆ ಹಗ್ಗ ಬಿಗಿದ ಹಾಗೆ ಆಗುತ್ತದೆಯೇ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆಯೇ. ಎಲ್ಲದಕ್ಕೂ ಇಲ್ಲ ಇಲ್ಲ ಅಂದೆ. ಬೆಳಿಗ್ಗೆ ಏನು ತಿಂದೆ ಅಂದಳು. ಟೀ ಕುಡಿದೆ ಅಂದೆ. ಹಾಗಾದರೆ ಇದು ಹೊಟ್ಟೆಯೇ ಎಂದು ತೀರ್ಮಾನಿಸಿ ಮುಚ್ಚಳ ತೆಗೆದು, ಒಂದು ಚಿಟಿಕೆಯನ್ನು ನನ್ನ ನಾಲಗೆಗೆ ಹಾಕಿದಳು. ಮೊದಲು ಖಾರ, ಆಮೇಲೆ ಉಪ್ಪು, ಕೊನೆಗೆ ಏಲಕ್ಕಿಯ ತಂಪು. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಗುರಾಯಿತು. ಅಷ್ಟಕ್ಕೆ ಬಿಡುವ ಜನವೇ ಅವಳು? ಚಾಮರಾಜನಗರದಲ್ಲಿ ಇಳಿಯುವಾಗ ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿಹೋದಳು.

"ಪುಡಿ ತಿಂದು ಊಟ ಬುಟ್ರೆ, ಒಲೆ ಸಾರ್ಸಿ ಅಡ್ಗೆ ಮಾಡ್ದೆ ಕುಂತಂಗೆ. ಓಗಿ ಮೊದ್ಲು ಇಡ್ಲಿ ತಿನ್ನು."

ಅಂದಿನಿಂದ ನನ್ನ ಟಿಕೆಟ್ ಬ್ಯಾಗಿನಲ್ಲಿ ಒಂದು ಡಬ್ಬಿ ಇಡ್ಲಿಯೋ ರೊಟ್ಟಿಯೋ ಇರತೊಡಗಿತು. ಹೆದರಿಕೆಗೆ, ಮತ್ತೇನಕ್ಕೂ ಅಲ್ಲ.

ಒಂದು ರಜೆಯ ದಿನ ಅವಳ ಮನೆಗೆ ಹೋಗಿದ್ದೆ. ಪುಡಿ ಮಾಡುವ ದಿನ ಅದು. ಅಡುಗೆಮನೆಗೆ ಯಾರೂ ಹೋಗುವ ಹಾಗಿಲ್ಲ, ಮಾತಾಡಿಸುವ ಹಾಗೂ ಇಲ್ಲ. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಜೀರಿಗೆಗೆ ಬೆಂಕಿ ತಾಗಬೇಕು, ಓಮಕ್ಕೆ ಬೆಂಕಿ ತೋರಿಸಿದರೆ ಸಾಕು, ಏಲಕ್ಕಿ ಬಾಣಲೆಯ ಬಿಸಿ ಆರಿದ ಮೇಲೆ ಅದರಲ್ಲಿ ಸುಮ್ಮನೆ ಮಲಗಿದ್ದು ಏಳಬೇಕು. ಎಲ್ಲವನ್ನೂ ಒಟ್ಟಿಗೆ ಸುರಿದು ಹುರಿಯುವವರನ್ನು ಕಂಡರೆ ತಾಯವ್ವನಿಗೆ ಆಗುತ್ತಿರಲಿಲ್ಲ, ಅವರು ಪಾಯಸಕ್ಕೆ ಗೋಡಂಬಿ ಹುರಿಯಲಿ ಅನ್ನುತ್ತಿದ್ದಳು. ಇಷ್ಟು ಮಡಿಯವಳು ಕುಟ್ಟುವುದಕ್ಕೆ ಒರಳನ್ನೇ ಹುಡುಕುತ್ತಾಳೆ ಅಂದುಕೊಂಡರೆ, ರತ್ನನ ಮಿಕ್ಸಿಯನ್ನು ಎಳೆದುಕೊಂಡಳು. ನಾನು ನಕ್ಕಿದ್ದಕ್ಕೆ, ಮಿಕ್ಸಿಯಲ್ಲಿ ಸುತ್ತಿದರೂ ಜೀರಿಗೆ ಜೀರಿಗೆಯೇ ಅಂದಳು. ಆದರೆ ಜಾರು ಬಿಸಿಯಾಗುವ ಮೊದಲು ನಿಲ್ಲಿಸಿ, ತಣಿಸಿ, ಮತ್ತೆ ತಿರುಗಿಸಬೇಕು. ಇಲ್ಲದಿದ್ದರೆ ಘಮ ಮಿಕ್ಸಿಗೆ, ಹೊಟ್ಟು ನಮಗೆ.

ನನಗೆ ಅವಳ ಮೇಲೆ ಒಮ್ಮೆ ನಿಜವಾಗಿ ಸಿಟ್ಟು ಬಂದದ್ದು ಆ ಗ್ರಂಧಿಗೆ ಅಂಗಡಿಯ ವಿಷಯದಲ್ಲಿ. ಅಂಗಡಿಯವರು ಕೆಟ್ಟವರಲ್ಲ, ವ್ಯಾಪಾರಸ್ಥರು. ತಾಯವ್ವನ ಪುಡಿ ಅವರಲ್ಲಿ ಚೆನ್ನಾಗಿ ಓಡುತ್ತಿತ್ತು. ಇನ್ನೂ ಓಡಲಿ ಎಂದು ಅವರು ಬಣ್ಣದ ಕವರು ಪ್ರಿಂಟು ಹಾಕಿಸಿದ್ದರು. ಒಂದು ಬದಿಗೆ ಜೀರಿಗೆ, ಏಲಕ್ಕಿ, ಲವಂಗದ ಚಿತ್ರ. ಇನ್ನೊಂದು ಬದಿಗೆ ಕೆಂಪು ಹೃದಯದ ಚಿತ್ರ, ಕೆಳಗೆ 'ಹೊಟ್ಟೆಗೆ ಹಿತ, ಹೃದಯಕ್ಕೆ ರಕ್ಷೆ' ಎಂಬ ಬರಹ. ಅಂದು ಚಾಮರಾಜನಗರ ಬಸ್ ಸ್ಟ್ಯಾಂಡಿನಲ್ಲಿ ವಾಪಸು ಟ್ರಿಪ್ಪಿಗೆ ನಿಂತಿದ್ದೆವು. ನೋಡಿದರೆ ತಾಯವ್ವ ಬೆಳಿಗ್ಗೆ ತಂದಿದ್ದ ಪುಡಿಯ ಚೀಲವನ್ನು ಹಾಗೇ ಹೊತ್ತುಕೊಂಡು ಬರುತ್ತಿದ್ದಾಳೆ. ಮುಖ ಕೆಂಪಾಗಿತ್ತು.

ಆಗಿದ್ದು ಇಷ್ಟು. ಆ ಕೆಂಪು ಚಿತ್ರ ಯಾವ ಎಲೆಯದು ಎಂದು ಕೇಳಿದ್ದಾಳೆ. ಎಲೆಯಲ್ಲ, ಹಾರ್ಟು ಅಂದಿದ್ದಾರೆ. ಬೆಳ್ಳುಳ್ಳಿ, ಚಕ್ಕೆ, ಏಲಕ್ಕಿ ಎಲ್ಲ ಹಾರ್ಟಿಗೆ ಒಳ್ಳೆಯದು ಎಂದು ಈಗ ಫೋನು ತೆರೆದರೆ ಎಲ್ಲರೂ ಹೇಳುತ್ತಾರೆ, ನಾವು ಬರೆದರೆ ತಪ್ಪೇನು ಎಂದು ವಾದಿಸಿದ್ದಾರೆ. ಆ ಚಿತ್ರ ತೆಗೆಯಿರಿ, ಹೊಟ್ಟೆಗೆ ಅಂತ ಮಾತ್ರ ಇರಲಿ ಅಂದಿದ್ದಾಳೆ ಇವಳು. ಪ್ರಿಂಟಾಗಿ ಬಂದದ್ದನ್ನು ಏನು ಮಾಡಲಿ ಅಂದಿದ್ದಾರೆ ಅವರು. ಇವಳು ಚೀಲ ಹೆಗಲಿಗೇರಿಸಿ ಹೊರಟುಬಂದಿದ್ದಾಳೆ. ಒಂದು ಚಿತ್ರಕ್ಕಾಗಿ ಇಷ್ಟೊಂದು ಹಠವೇ, ಅದೇನು ನಿನ್ನ ಪುಡಿಯನ್ನು ಕಚ್ಚುತ್ತದೆಯೇ ಎಂದು ನಾನು ರೇಗಿದೆ. ಬೆಳ್ಳುಳ್ಳಿ ಹಾರ್ಟಿಗೆ ಒಳ್ಳೆಯದು ಅನ್ನುವುದು ಸುಳ್ಳೇ ಎಂದೂ ಕೇಳಿದೆ.

"ಒಳ್ಳೇದೇ ಇರ್ಬೋದು, ಸಾರ್ಗೆ ಆಕು, ಬ್ಯಾಡ ಅಂದೋರ್ಯಾರು? ಆದ್ರೆ ಎದೆ ಇಡ್ಕಂಡು ಕುಂತಿರೋನ ಕೈಗೆ ಈ ಕವರ್ ಸಿಕ್ತು ಅನ್ಕೊ. ಅವ್ನು ಆಸ್ಪತ್ರೆಗೆ ಓಗದ ಬುಟ್ಟು ಒಂದ್ ಚಮ್ಚ ಬಾಯ್ಗೆ ಆಕಂಡು ಮನಿಕತಾನೆ. ಮನಿಕಂಡೋರ್ನ ನಾನು ನೋಡಿವ್ನಿ ಕಣಮ್ಮಿ."

ಬಸ್ಸು ಊರು ದಾಟಿತು. ಟಿಕೆಟ್ ಕೊಟ್ಟು ಬಂದು ಅವಳ ಪಕ್ಕ ಕೂತೆ. ಕಿಟಕಿಯ ಆಚೆ ಅರಿಶಿನದ ಹೊಲಗಳನ್ನು ನೋಡುತ್ತಲೇ ಅವಳು ತನ್ನ ಗಂಡ ಮಾದಯ್ಯನ ಸಾವಿನ ಕತೆ ಹೇಳಿದಳು. ಅಂದು ಅವರ ಹೊಲದಲ್ಲಿ ಅರಿಶಿನ ಬೇಯಿಸುತ್ತಿದ್ದರು. ದೊಡ್ಡ ಕೊಪ್ಪರಿಗೆ, ಅದರ ಕೆಳಗೆ ಧಗಧಗ ಬೆಂಕಿ, ಸುತ್ತ ಕೆಲಸ ಮಾಡುವ ಎಲ್ಲರ ಮೈಯಿಂದಲೂ ಬೆವರು ಸುರಿಯುತ್ತಿತ್ತು. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಉಂಡ ಮೇಲೆ ಮಾದಯ್ಯನಿಗೆ ಎದೆ ಹಿಡಿದ ಹಾಗಾಯಿತು. ಹುರುಳಿಕಾಳು ಗ್ಯಾಸು ಎಂದು ಎಲ್ಲರೂ ಅಂದರು. ತಾಯವ್ವ ಅಲ್ಲೇ ಬೆಂಕಿಯ ಮೂಲೆಯಲ್ಲಿ ಓಮದ ಕಷಾಯ ಕಾಯಿಸಿ ಕುಡಿಸಿದಳು. ಗಂಡ ದೊಡ್ಡದಾಗಿ ತೇಗಿದ. ನಮ್ಮ ಕಡೆ ತೇಗು ಬಂತೆಂದರೆ ಮುಗಿಯಿತು, ಡಾಕ್ಟರು ಸಹಿ ಹಾಕಿದಷ್ಟು ಸಮಾಧಾನ. ಕೂಲಿಯವರೂ ನಕ್ಕು ಕೆಲಸಕ್ಕೆ ಎದ್ದರು.

"ತೇಗ್ ಬತ್ತು, ಗ್ಯಾಸ್ ಓಯ್ತು ಅಂದ್ರು ಎಲ್ರೂ. ನಾನೂ ಅಂದೆ. ನನ್ ಮಾತ್ ನಂಬಿ ಮರದಡಿ ಮನಿಕಂಡ ಅವ್ನು. ಸೆರಗಲ್ಲಿ ಹಣೆ ಒರ್ಸುದ್ನಲ್ಲಮ್ಮಿ, ತಣ್ಣಗಿತ್ತು. ಬೆಂಕಿ ಮುಂದೆ ನಿಂತಿದ್ದೋನ ಬೆವ್ರು ತಣ್ಣಗೆ ಯಾಕ್ ಇದ್ದಾತು ಅಂತ ಕೇಳ್ಕಳ್ನಿಲ್ಲ ನಾನು."

ಟೀ ತೆಗೆದುಕೊಂಡು ಹೋಗಿ ಎಬ್ಬಿಸಿದಾಗ ಮಾದಯ್ಯ ಇರಲಿಲ್ಲ.

ಆಮೇಲೆ ಒಂದಷ್ಟು ಕಾಲ ಅವಳು ಓಮದ ಡಬ್ಬಿಯನ್ನೇ ಮುಟ್ಟಲಿಲ್ಲವಂತೆ. ಅವಳ ಜಾಗದಲ್ಲಿ ನಾನಾಗಿದ್ದರೆ ಜನ್ಮದಲ್ಲಿ ಮುಟ್ಟುತ್ತಿರಲಿಲ್ಲ. ಅವಳು ಹಾಗಲ್ಲ. ಆರೋಗ್ಯ ಕೇಂದ್ರದ ನರ್ಸಮ್ಮನ ಹತ್ತಿರ ಹೋಗಿ, ಹೊಟ್ಟೆ ಯಾವುದು ಎದೆ ಯಾವುದು ನನಗೆ ಹೇಳಿಕೊಡು ಎಂದು ಕೂತಳಂತೆ. ಆ ನರ್ಸಮ್ಮ ಪುಣ್ಯಾತ್ಗಿತ್ತಿ, ಕೇಳಿದಷ್ಟು ಸಲವೂ ಹೇಳಿದಳು. ಕೈ ಎಳೆತ, ದವಡೆ ನೋವು, ತಣ್ಣನೆ ಬೆವರು, ಎದೆ ಬಿಗಿತ. ಕೆಲವರಿಗೆ ಇವು ಯಾವುವೂ ಇಲ್ಲದೆ ಬರಿ ಹೊಟ್ಟೆ ತೊಳಸಿದ ಹಾಗಾಗಬಹುದು, ಅನುಮಾನ ಬಂದರೆ ಕಾಯಬೇಡ, ಕಳಿಸಿಬಿಡು ಎಂದೂ ಹೇಳಿದಳು. ಅದನ್ನು ಬಾಯಿಪಾಠ ಮಾಡಿಕೊಂಡ ಮೇಲೆಯೇ ತಾಯವ್ವ ಮತ್ತೆ ಜೀರಿಗೆ ಹುರಿದದ್ದು. ಹಣೆ ಮುಟ್ಟದೆ ಮುಚ್ಚಳ ತೆಗೆಯುವುದಿಲ್ಲ ಎಂದು ಬೆಟ್ಟದ ಮಾದಪ್ಪನ ಮೇಲೆ ಆಣೆ ಇಟ್ಟಿದ್ದಳು. ಇನ್ನೊಬ್ಬ ಮಾದಯ್ಯ ತನ್ನ ಪುಡಿ ನಂಬಿ ಮಲಗಬಾರದು. ಅವಳ ಹಠ ಅಷ್ಟೇ. ಅಂದಿನಿಂದ ನಾನು ಆ ಕವರಿನ ಮಾತು ಎತ್ತಲಿಲ್ಲ.

ಆ ಹಠದ ಬಲ ಏನೆಂದು ಸಿದ್ದರಾಜಣ್ಣನ ವಿಷಯದಲ್ಲಿ ಕಣ್ಣಾರೆ ಕಂಡೆ.

ಸಂತೆಯ ದಿನ, ಬಸ್ಸು ಕಿಕ್ಕಿರಿದಿತ್ತು. ಗುಂಡ್ಲುಪೇಟೆ ಬಿಟ್ಟಾಗಿನಿಂದಲೂ ಸಿದ್ದರಾಜಣ್ಣ ಒಂದು ಕೈಯಲ್ಲಿ ಎದೆ ಉಜ್ಜಿಕೊಳ್ಳುತ್ತಿದ್ದ. ತೆರಕಣಾಂಬಿಯಲ್ಲಿ ಎಂಜಿನ್ ಆರಿಸಿ ನಿಲ್ಲಿಸಿದ. ತಾಯವ್ವ ಹತ್ತಿದಳು. ಯಾವಾಗಲೂ ಮಾಡುವ ಹಾಗೆ ಅವನು ಹಿಂದಕ್ಕೆ ತಿರುಗಿ ಅಂಗೈ ಚಾಚಿದ. ಬೆಳಿಗ್ಗೆ ಹೋಟೆಲಿನಲ್ಲಿ ಪೂರಿ ತಿಂದೆ ತಾಯವ್ವ, ಗ್ಯಾಸು ಕಟ್ಟಿಕೊಂಡಿದೆ, ಒಂದು ಚಿಟಿಕೆ ಹಾಕು ಅಂದ. ತಾಯವ್ವ ಡಬ್ಬಿ ತೆಗೆದಳು. ಹೆಬ್ಬೆರಳು ಮುಚ್ಚಳದ ಮೇಲೆ ಕೂತಿತು. ಇನ್ನೊಂದು ಕೈ ಅವನ ಹಣೆಗೆ ಹೋಯಿತು. ಅಷ್ಟರಲ್ಲಿ ಸಿದ್ದರಾಜಣ್ಣ ಜೋರಾಗಿ ತೇಗಿದ. ಹಿಂದಿನ ಸೀಟಿನವರು ನಕ್ಕರು. ನೋಡು, ನಿನ್ನ ಪುಡಿ ಮೂಸಿದ್ದಕ್ಕೇ ಹೋಯಿತು ಎಂದು ಅವನೂ ನಕ್ಕ.

ತಾಯವ್ವನ ಹೆಬ್ಬೆರಳು ಕದಲಲಿಲ್ಲ. ಡಬ್ಬಿಯನ್ನು ತಿರುಗಿ ಚೀಲಕ್ಕೆ ಹಾಕಿದಳು.

"ಇಳಿ ಸಿದ್ದರಾಜ. ಗುಂಡ್ಲುಪೇಟೆ ಆಸ್ಪತ್ರೆಗೆ ಓಗನ."

ಅವನು ತಮಾಷೆ ಅಂದುಕೊಂಡ. ಅವಳು ಮತ್ತೆ ಹೇಳಿದಾಗ ರೇಗಿದ. ಇಷ್ಟು ಜನ ತುಂಬಿದ್ದಾರೆ, ಟ್ರಿಪ್ಪು ಮುಗಿಸಿ ಚಾಮರಾಜನಗರದಲ್ಲೇ ತೋರಿಸಿಕೊಳ್ಳುತ್ತೇನೆ, ನೀನು ಕೂತ್ಕೊ ಎಂದು ಕೀ ಕಡೆಗೆ ಕೈ ಹಾಕಿದ. ಅವನಿಗಿಂತ ಮೊದಲು ತಾಯವ್ವನ ಕೈ ಅಲ್ಲಿತ್ತು. ಕೀ ಕಿತ್ತು, ಸೊಂಟದ ಎಲೆಅಡಿಕೆ ಚೀಲದೊಳಗೆ ಹಾಕಿ, ದಾರ ಎಳೆದು ಗಂಟು ಹಾಕಿದಳು. ನೋಡುತ್ತಿದ್ದಂತೆ ಬಸ್ಸಿನಲ್ಲಿ ಗದ್ದಲವೆದ್ದಿತು. ಸಂತೆಗೆ ತಡವಾಗುತ್ತದೆ, ಕೋರ್ಟಿಗೆ ತಡವಾಗುತ್ತದೆ, ಇದೇನು ಇವಳ ಅಪ್ಪನ ಮನೆ ಬಸ್ಸೇ ಎಂದು ಒಬ್ಬೊಬ್ಬರೂ ಕೂಗಾಡಿದರು. ಅವಳು ಸಿದ್ದರಾಜಣ್ಣನ ಮುಖದಿಂದ ಕಣ್ಣು ತೆಗೆಯದೆ ಒಂದೇ ಮಾತು ಅಂದಳು.

"ಬಸ್ ಓದ್ರೆ ಇನ್ನೊಂದು ಬತ್ತದೆ."

ಆಗ ನಾನೂ ಅವನ ಮುಖವನ್ನು ಸರಿಯಾಗಿ ನೋಡಿದೆ. ಬೂದಿ ಬಳಿದ ಹಾಗಿತ್ತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ, ಇವನ ಖಾಕಿ ಅಂಗಿಯ ಬೆನ್ನು ಪೂರ್ತಿ ಒದ್ದೆ. ಇದುವರೆಗೆ ಚಿಲ್ಲರೆಗಾಗಿ ಎತ್ತಿದ ಗಂಟಲನ್ನೆಲ್ಲ ಸೇರಿಸಿ, ಎಲ್ಲರೂ ಇಳಿಯಿರಿ, ಹಿಂದಿನ ಬಸ್ಸಿಗೆ ಹತ್ತಿಸುತ್ತೇನೆ, ಇನ್ನೊಂದು ಮಾತಾಡಿದರೆ ನೋಡಿ ಅಂದೆ. ರಸ್ತೆ ಬದಿಯಲ್ಲಿ ತರಕಾರಿ ಮಂಡಿಯವರೊಬ್ಬರ ಕಾರು ನಿಂತಿತ್ತು. ಕೂಗಾಡುತ್ತಿದ್ದವರೇ ನಾಲ್ಕು ಜನ ಬಂದು ಸಿದ್ದರಾಜಣ್ಣನನ್ನು ಎತ್ತಿ ಅದರೊಳಗೆ ಕೂರಿಸಿದರು. ಒಂದು ಹೆಜ್ಜೆಯನ್ನೂ ನಡೆಯಲು ತಾಯವ್ವ ಬಿಡಲಿಲ್ಲ. ಅವನ ಪಕ್ಕದಲ್ಲಿ ತಾನೂ ಕೂತು ಹೊರಟುಬಿಟ್ಟಳು.

ಬಸ್ಸಿನ ಕೀ ಸಮೇತ. ಡಿಪೋಗೆ ಫೋನು ಮಾಡಿ, ಡ್ರೈವರಿಗೆ ಹುಷಾರಿಲ್ಲ ಎಂದು ಹೇಳುವುದು ಸುಲಭವಾಗಿತ್ತು. ಕೀ ಒಬ್ಬ ಅಜ್ಜಿಯ ಎಲೆಅಡಿಕೆ ಚೀಲದಲ್ಲಿದೆ ಎಂದು ಹೇಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಮಧ್ಯಾಹ್ನ ಯಾರದೋ ಬೈಕಿನಲ್ಲಿ ಕೀ ವಾಪಸು ಬಂತು. ವೀಳ್ಯದೆಲೆಯಲ್ಲಿ ಸುತ್ತಿತ್ತು, ಮೇಲೆ ಸುಣ್ಣವೂ ಮೆತ್ತಿತ್ತು.

ಗುಂಡ್ಲುಪೇಟೆಯಲ್ಲಿ ಇಸಿಜಿ ತೆಗೆದ ಡಾಕ್ಟರು ಹಾರ್ಟ್ ಅಟ್ಯಾಕ್ ಎಂದು ಅಲ್ಲಿಯೇ ಔಷಧಿ ಕೊಟ್ಟು ಮೈಸೂರಿಗೆ ಕಳಿಸಿದರು. ಅಲ್ಲಿ ಸ್ಟೆಂಟ್ ಹಾಕಿದರು. ಸಿದ್ದರಾಜಣ್ಣ ಬದುಕಿದ. ಬಸ್ಸು ಓಡಿಸುವುದು ನಿಂತು, ಡಿಪೋದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಸ್ಟೀರಿಂಗು ಬಿಟ್ಟ ಮೇಲೆ ಊಟ ರುಚಿಸುತ್ತಿಲ್ಲ ಎಂದು ಈಗಲೂ ಗೊಣಗುತ್ತಾನೆ. ಗೊಣಗಲಿ, ಗೊಣಗುವುದಕ್ಕೆ ಇದ್ದಾನಲ್ಲ.

ಇಷ್ಟೆಲ್ಲ ಆದ ಮೇಲೆ ತಾಯವ್ವನ ಪುಡಿಗೆ ಬೇಡಿಕೆ ಹೆಚ್ಚಬೇಕಿತ್ತು. ಕಡಿಮೆಯಾಯಿತು. ಅವಳ ಪುಡಿಯನ್ನು ಅವಳೇ ನಂಬುವುದಿಲ್ಲ, ಎದೆ ಅಂದರೆ ಸಾಕು ಆಸ್ಪತ್ರೆಗೆ ಅಟ್ಟುತ್ತಾಳೆ ಎಂದು ಊರಿನಲ್ಲಿ ಕೆಲವರು ಆಡಿಕೊಂಡರು. ನಾನಾಗಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಜಗಳ ತೆಗೆಯುತ್ತಿದ್ದೆ. ಅವಳು ಅಡಿಕೆ ಕತ್ತರಿಸುತ್ತಾ, ಕತ್ತಿ ಚೂಪಾಗಿದೆ ಎಂದು ಅದರಲ್ಲಿ ಬಟ್ಟೆ ಹೊಲಿಯಲು ಆಗುತ್ತದೆಯೇ ಎಂದಷ್ಟೇ ಕೇಳಿದಳು.

ಮೈ ಹಗುರಾದ ಮೇಲೆ ಸಿದ್ದರಾಜಣ್ಣ ಹಣ್ಣುಕಾಯಿ ಹಿಡಿದು ಅವಳ ಮನೆಗೆ ಹೋದ. ನಾನೂ ಜೊತೆಗಿದ್ದೆ. ಕಾಲಿಗೆ ಬಿದ್ದವನು ಅಷ್ಟಕ್ಕೆ ಸುಮ್ಮನಿರಬಾರದೇ? ಮಾತ್ರೆ ನುಂಗಿದರೆ ಹೊಟ್ಟೆ ಉರಿಯುತ್ತದೆ, ಅದಕ್ಕೇ ಒಂದು ಮಾತ್ರೆ ನಿಲ್ಲಿಸಿದ್ದೇನೆ, ಅದರ ಬದಲು ನಿನ್ನ ಪುಡಿ ಕೊಡು ಅಂದ. ತಾಯವ್ವ ಅವನು ತಂದ ಹಣ್ಣನ್ನು ಹಾಗೇ ಅವನ ಮಡಿಲಿಗೆ ವಾಪಸು ಇಟ್ಟಳು.

"ಮಾತ್ರೆ ನುಂಗು. ಒಟ್ಟೆ ಉರುದ್ರೆ ಅದೇ ಡಾಕ್ಟ್ರನ್ನ ಕೇಳು. ನನ್ ಪುಡಿ ನಿನ್ ಮಾತ್ರೆಗೆ ಸವ್ತಿ ಅಲ್ಲ ಕಣ್ಲಾ."

ನಾಳೆಯೇ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಮಾದಪ್ಪನ ಫೋಟೋದ ಮುಂದೆ ಆಣೆ ಇಡಿಸಿಕೊಂಡ ಮೇಲೆಯೇ ಒಳಗಿನಿಂದ ಕಾಫಿ ಬಂದದ್ದು.

ಅವಳನ್ನು ನಾನು ಕೊನೆಯ ಸಲ ಕಂಡದ್ದು ಈ ವರ್ಷ ಅರಿಶಿನ ಕೀಳುವ ಕಾಲದಲ್ಲಿ. ತೆರಕಣಾಂಬಿಯಲ್ಲಿ ಬಾಗಿಲು ತೆರೆದರೆ ಘಮ ಬರಲಿಲ್ಲ. ನೋಡಿದರೆ ತಾಯವ್ವ ರಸ್ತೆಯ ಆಚೆ ಬದಿ, ಗುಂಡ್ಲುಪೇಟೆ ಬಸ್ಸು ನಿಲ್ಲುವ ಕಡೆ ನಿಂತಿದ್ದಳು. ಕೈಯಲ್ಲಿ ಚೀಲವಿರಲಿಲ್ಲ. ಒಗೆದು ಮಡಚಿಟ್ಟಿದ್ದ ಸೀರೆ ಉಟ್ಟಿದ್ದಳು. ತಾಯವ್ವ, ಬಸ್ಸು ಈ ಕಡೆ ಎಂದು ಕೂಗಿದೆ.

"ಇವತ್ತು ಆ ಕಡೆ ಕಣಮ್ಮಿ," ಅಂದಳು. ಅಂದು, ಕೈಯ ಹಿಂಬದಿಯನ್ನು ತನ್ನ ಹಣೆಗೆ ಒತ್ತಿ ಹಿಡಿದಳು. ಬಿಸಿಲು ಎದುರಿಗಿತ್ತು. ಬಿಸಿಲಿಗೆ ಕೈ ಅಡ್ಡ ಹಿಡಿದಿದ್ದಾಳೆ ಅಂದುಕೊಂಡು ನಾನು ಕೈ ಬೀಸಿದೆ. ಗುಂಡ್ಲುಪೇಟೆ ಬಸ್ಸು ಬಂದು ನಮ್ಮ ನಡುವೆ ನಿಂತಿತು. ಅದು ಹೋದ ಮೇಲೆ ಅಲ್ಲಿ ಯಾರೂ ಇರಲಿಲ್ಲ.

ಉಳಿದದ್ದನ್ನು ರತ್ನ ಹೇಳಿದಳು. ಬೆಳಿಗ್ಗೆ ಎದೆ ಬಿಗಿದಿದೆ. ಪಕ್ಕದ ಮನೆಯವಳು, ನಿನ್ನ ಮನೆಯಲ್ಲೇ ಇದೆಯಲ್ಲವ್ವ, ಒಂದು ಲೋಟ ಕಷಾಯ ಕುಡಿ ಅಂದಿದ್ದಾಳೆ. ತಾಯವ್ವ ಒಲೆ ಹಚ್ಚಲೇ ಇಲ್ಲ. ಮಗ ಸೊಸೆ ಹೊಲದಲ್ಲಿದ್ದರು. ಅವರಿಗೆ ಹೇಳಿಕಳಿಸಿ, ಅವರಿಗೂ ಕಾಯದೆ, ರಸ್ತೆ ಅಲ್ಲೇ ಇದೆಯಲ್ಲ ಎಂದು ಬಂದು ನಿಂತಿದ್ದಾಳೆ. ಬಸ್ ಹೋದರೆ ಇನ್ನೊಂದು ಬರುತ್ತದೆ ಅನ್ನುತ್ತಿದ್ದವಳು, ಅಂದು ಬಂದ ಬಸ್ಸನ್ನು ಬಿಡಲಿಲ್ಲ. ಆಸ್ಪತ್ರೆಯಲ್ಲಿ, ಗ್ಯಾಸಲ್ಲ ಕಣಪ್ಪ, ಎದೆ, ಬೇಗ ನೋಡು ಎಂದು ತಾನೇ ಹೇಳಿದಳಂತೆ. ಅವರು ಮಾಡುವುದನ್ನೆಲ್ಲ ಮಾಡಿ ಮೈಸೂರಿಗೆ ಕಳಿಸಿದರು. ತಾಯವ್ವ ದಾರಿಯಲ್ಲೇ ಹೋಗಿಬಿಟ್ಟಳು.

ಅಷ್ಟು ಹುಷಾರಿನವಳೂ ಉಳಿಯಲಿಲ್ಲವಲ್ಲ ಎಂದು ಮಣ್ಣಿನ ದಿನ ಯಾರೋ ಅಂದರು. ನನಗೆ ಮೈ ಉರಿಯಿತು. ಅತ್ತು ಅತ್ತು ಊದಿದ ಕಣ್ಣಲ್ಲೇ ಜಗಳಕ್ಕೆ ನಿಂತೆ. ಅವಳು ತೇಗು ನಂಬಿ ಮರದಡಿ ಮಲಗಲಿಲ್ಲ, ಸೀರೆ ಉಟ್ಟುಕೊಂಡು ಬದುಕಲು ಹೊರಟವಳು ಎಂದೆ. ನನ್ನನ್ನು ಸಮಾಧಾನ ಮಾಡಿದ್ದು ಸಿದ್ದರಾಜಣ್ಣ. ಆಮೇಲೆ ಅವನು ತಾಯವ್ವನ ಪಕ್ಕದಲ್ಲಿ ಕೂತು, ಕೈ ತಿರುಗಿಸಿ, ಹಿಂಬದಿಯನ್ನು ಅವಳ ಹಣೆಗೆ ಇಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

ಆ ಹಿತ್ತಾಳೆ ಡಬ್ಬಿಯನ್ನು ರತ್ನ ನನಗೇ ಕೊಟ್ಟಳು. ಪುಡಿಯನ್ನು ಈಗ ಅವಳು ಮಾಡುತ್ತಾಳೆ. ಜಾರು ಬಿಸಿಯಾಗಲು ಬಿಡುವುದಿಲ್ಲ. ಡ್ರೈವರ್ ಹಿಂದಿನ ಸೀಟಿನಲ್ಲಿ ಈಗ ಯಾರು ಬೇಕಾದರೂ ಕೂರುತ್ತಾರೆ. ಮೊನ್ನೆ ತೆರಕಣಾಂಬಿಯಲ್ಲಿ ಚೆಂಡುಹೂವಿನ ಮೂಟೆಗಳ ಜೊತೆ ಹತ್ತಿದ ಒಬ್ಬ ಗಟ್ಟಿಮುಟ್ಟಾದ ಆಳು ಅಲ್ಲಿ ಕೂತಿದ್ದ. ಬಸ್ಸು ಊರು ದಾಟುವ ಹೊತ್ತಿಗೆ ಎದೆ ಒತ್ತಿಕೊಳ್ಳತೊಡಗಿದ. ಏನಣ್ಣ ಅಂದೆ. ಗ್ಯಾಸು ಮೇಡಂ, ಮುಂದೆ ಎಲ್ಲಾದರೂ ಸೋಡ ಸಿಗುತ್ತದೆಯೇ ಅಂದ. ಬ್ಯಾಗಿನಿಂದ ಡಬ್ಬಿ ತೆಗೆದೆ. ಮುಚ್ಚಳದ ಮೇಲೆ ಹೆಬ್ಬೆರಳು ಇಟ್ಟು, ಇನ್ನೊಂದು ಕೈಯ ಹಿಂಬದಿಯನ್ನು ಅವನ ಹಣೆಗೆ ಒತ್ತಿದೆ. ಅವನು ನಾಚಿಕೊಂಡು ಒಮ್ಮೆ ತೇಗಿದ. ಸರಿಹೋಯಿತು ಬಿಡಿ ಮೇಡಂ ಅಂದ.

ಹಣೆ ತಣ್ಣಗಿತ್ತು, ಒದ್ದೆಯಾಗಿತ್ತು.

ಡಬ್ಬಿಯನ್ನು ಬ್ಯಾಗಿಗೆ ಹಾಕಿ ವಿಶಲ್ ಊದಿದೆ. ಬಸ್ಸು ನಿಂತಿತು. ಹೊಸ ಡ್ರೈವರ್ ತಿರುಗಿ ನೋಡಿದ. ಬಸ್ಸು ವಾಪಸು ತಿರುಗಿಸಣ್ಣ, ಗುಂಡ್ಲುಪೇಟೆ ಆಸ್ಪತ್ರೆಗೆ ಅಂದೆ. ಹಿಂದಿನಿಂದ ಶುರುವಾಯಿತು ನೋಡಿ, ನಮಗೆ ತಡವಾಗುತ್ತದೆ, ಇದೇನು ನಿಮ್ಮಪ್ಪನ ಬಸ್ಸೇ ಎಂದು. ನಾನು ಆ ಮನುಷ್ಯನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಬಸ್ ಓದ್ರೆ ಇನ್ನೊಂದು ಬತ್ತದೆ," ಅಂದೆ.